ಸ್ಟೇಷನ್ನಿಗೆ ಬಂದ ಅಕ್ಕಿ

ಮೊನ್ನೆ ಚುನಾವಣೆ ಕವರೇಜಿಗೆ ಸಿರುಗುಪ್ಪ ಕಡೆ ಹೋಗಿದ್ದೆ. ಒಂದು ಹಳ್ಳಿಯ ನ್ಯಾಯಬೆಲೆ ಅಂಗಡಿ ಮುಂದೆ ಅಜ್ಜಿಯೊಬ್ಬರು ಖಾಲಿ ಚೀಲ ಮಡಚಿಟ್ಟುಕೊಂಡು ಕೂತಿದ್ದರು. 'ಬೆರಳು ತಗಳ್ಳಾಕತ್ತಿಲ್ಲ ನೋಡಪಾ, ನಾಳೆ ಮತ್ತ ಬರಬೇಕು' ಅಂದರು. ಅಂಗಡಿ ಅವರ ಊರಲ್ಲಿಲ್ಲ, ಪಕ್ಕದೂರಲ್ಲಿದೆ. ಸುತ್ತ ನೋಡಿದರೆ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ! ಅಕ್ಕಿ ಬೆಳೆಯೋ ನೆಲದಲ್ಲಿ ಅಕ್ಕಿಗಾಗಿ ಎರಡು ದಿನದ ಕೂಲಿ ಹೋಯ್ತು.

ನನಗೆ ತಟ್ಟನೆ ನೆನಪಾದದ್ದು 1876. ಧಾತು ಸಂವತ್ಸರದ ಬರ. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದ್ದು, ಆ ಪ್ರಾಂತ್ಯದಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲೊಂದು. ಊಟಕ್ಕಿಲ್ಲದೆ ಸತ್ತರು ಅಂದರೆ ಧಾನ್ಯವೇ ಇರಲಿಲ್ಲ ಅಂದುಕೊಳ್ತೀವಿ, ಅಲ್ವಾ? ಇತ್ತು ಸ್ವಾಮಿ. ಬಳ್ಳಾರಿಗೆ ಬರಕ್ಕೆ ಮುಂಚೆಯೇ ರೈಲು ಬಂದಿತ್ತು. ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕ್‌ನ ಸರ್ಕಾರ ಆರ್ಬತ್‌ನಾಟ್ ಕಂಪನಿ ಮೂಲಕ ಗುಟ್ಟಾಗಿ 30 ಸಾವಿರ ಟನ್ ಧಾನ್ಯ ಕೊಳ್ಳಲು ಹೊರಟಿತು. ವೈಸರಾಯ್ ಲಿಟನ್ ಕಡೆಯವರಿಗೆ ಇದು ಸರಿಬರಲಿಲ್ಲ. ಸರ್ಕಾರ ವ್ಯಾಪಾರಕ್ಕೆ ಕೈ ಹಾಕಬಾರದು, ಬೆಲೆ ಏರಿದರೆ ವ್ಯಾಪಾರಿಗಳು ತಾವೇ ಮಾಲು ತರುತ್ತಾರೆ ಅನ್ನೋದು ಅವರ ವಾದ.

ವ್ಯಾಪಾರಿಗಳು ತಂದರು, ನಿಜ. ಸ್ಟೇಷನ್ನಿನ ತನಕ! ಅಲ್ಲಿಂದ ಮುಂದೆ? ಕುರುಗೋಡು ಸುಮಾರು ಮೂವತ್ತು ಕಿಲೋಮೀಟರ್, ಸಿರುಗುಪ್ಪ ಐವತ್ತರ ಮೇಲೆ. ಗಾಡಿ ಎಳೆಯಬೇಕಾದ ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದವು. ಉಳಿದ ಗಾಡಿಗೆ ಬಾಡಿಗೆ ಸಿಕ್ಕಾಪಟ್ಟೆ. ರೈಲು ಬಂದಮೇಲೆ ಇನ್ನೊಂದೂ ಆಗಿತ್ತು: ಹಳ್ಳಿಯ ಕಾಳು ಪೇಟೆ ಗೋದಾಮಿಗೆ ಹೋಗೋದು ಸಲೀಸಾಗಿತ್ತು, ವಾಪಸ್ ಬರೋದು ಮಾತ್ರ ಕಷ್ಟ. ಪೇಟೆಯಲ್ಲಿ ಹತ್ತು ಅಂಗಡಿ ಇದ್ದರೆ ಒಬ್ಬ ಬಿಟ್ಟರೆ ಇನ್ನೊಬ್ಬನ ಹತ್ತಿರ ಚೌಕಾಸಿ ಮಾಡಬಹುದು. ಹಳ್ಳಿಯಲ್ಲಿ ಇರೋದೇ ಒಬ್ಬ ಸಾವುಕಾರ. ಕಾಳೂ ಅವನದೇ, ಉದ್ರಿಯೂ ಅವನದೇ. ಅವನು ಹೇಳಿದ್ದೇ ರೇಟು.

1877ರ ಜನವರಿಯಲ್ಲಿ ಬಂದ ರಿಚರ್ಡ್ ಟೆಂಪಲ್, ಬರಗಾಲದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಮೇಲೆ ಒಂದಿಷ್ಟು ಪುಡಿಗಾಸು ಸಾಕು ಅಂದ. ಒಂದು ಪೌಂಡ್ ಅಂದರೆ ಅರ್ಧ ಕೆಜಿಯೂ ಇಲ್ಲ! ಡಾಕ್ಟರ್ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. ಅದು ಅಳತೆಯ ಜಗಳ. ಆದರೆ ಆ ಕಾಸು ಹಿಡಿದು ಕೂಲಿಯವನು ಯಾವ ಅಂಗಡಿಗೆ ಹೋಗಬೇಕಿತ್ತು? 1871ರಿಂದ 1881ರ ಜನಗಣತಿಯೊಳಗೆ ಜಿಲ್ಲೆಯ ಜನಸಂಖ್ಯೆಯ ಸುಮಾರು ಐದನೇ ಒಂದು ಪಾಲು ಕರಗಿಹೋಯ್ತು.

ಮುಂದೆ ಎರಡನೇ ಮಹಾಯುದ್ಧದ ಕಾಲಕ್ಕೆ ರೇಷನ್ ಬಂತು. ಅದರಲ್ಲೂ ಕಾಳಸಂತೆ ಇತ್ತು, ಇಲ್ಲ ಅನ್ನಲ್ಲ. 1952ರಲ್ಲಿ ರಾಜಾಜಿ ಮದ್ರಾಸಿನಲ್ಲಿ ಆಹಾರ ನಿಯಂತ್ರಣವನ್ನೇ ಎತ್ತಿಹಾಕಿದರು. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ, ಹಾಗಾಗಿ ನಮ್ಮ ಹಿರಿಯರು ಆ ಪ್ರಯೋಗವನ್ನೂ ಕಂಡವರೇ. ತುಂಗಭದ್ರಾ ಕಾಲುವೆ ಬಂದಮೇಲೆ ಸಿರುಗುಪ್ಪ ಭತ್ತದ ಕಣಜವಾಯ್ತು. ರೈಲು ಇವತ್ತಿಗೂ ಬಂದಿಲ್ಲ, ಅದು ಬೇರೆ ಕಥೆ.

ಈಗ ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ನಿಂತರೆ ಅಂಗಡಿಗೆ ಅಂಗಡಿ ಅಂಟಿಕೊಂಡಿದೆ. ಅನ್ನಭಾಗ್ಯದಲ್ಲಿ ತಲೆಗೆ ಎಷ್ಟು ಕೆಜಿ ಅಂತ ನಮ್ಮ ಸ್ಟುಡಿಯೋದಲ್ಲಿ ನಾನೇ ಎಷ್ಟೋ ಸಲ ಚರ್ಚೆ ನಡೆಸಿದ್ದೀನಿ. ಅಂಗಡಿ ಎಷ್ಟು ದೂರ ಅಂತ ಒಬ್ಬ ಮಂತ್ರಿಯನ್ನೂ ಕೇಳಿರಲಿಲ್ಲ. ಆ ಅಜ್ಜಿ ಚೀಲ ಕಂಕುಳಲ್ಲಿಟ್ಟುಕೊಂಡು ಎದ್ದರು. ನಮ್ಮ ಕಾರಲ್ಲಿ ಊರಿಗೆ ಬಿಟ್ಟು ಬರುವಾಗ ಮೀಟರ್ ನೋಡಿದೆ: ನಾಲ್ಕು ಕಿಲೋಮೀಟರ್.