ಶಾಸನವಿಲ್ಲದ ಗಣಿಯ ಕಥೆ



ಜರ್ಮನ್ ಭಾಷೆಯಲ್ಲಿ ಕನ್ನಡಕಕ್ಕೆ ‘ಬ್ರಿಲ್ಲೆ’ ಎನ್ನುತ್ತಾರೆ. ಈ ಪದದ ಬೇರು ನಮ್ಮ ನೆಲದಲ್ಲಿದೆ ಎಂದರೆ ನಿಮಗೆ ಅಚ್ಚರಿಯಾದೀತು. ‘ವೈಡೂರ್ಯ’ದ ಪ್ರಾಕೃತ ರೂಪ ‘ವೇಳುರಿಯ’. ಅದು ಗ್ರೀಕರ ಬಾಯಲ್ಲಿ ‘ಬೆರಿಲ್ಲೋಸ್’ ಆಯಿತು. ಮುಂದೆ ಯುರೋಪಿನಲ್ಲಿ ಇಂಥ ತಿಳಿಹರಳುಗಳನ್ನು ಉಜ್ಜಿ ಮಸೂರ ಮಾಡಿದಾಗ ಹೆಸರು ಕನ್ನಡಕಕ್ಕೂ ಅಂಟಿತು. ಇಂದು ನಾವು ವೈಡೂರ್ಯವೆನ್ನುವುದು ಬೆಕ್ಕಿನ ಕಣ್ಣಿನಂಥ ಹರಳನ್ನು; ಗ್ರೀಕರು ಹಾಗೆ ಕರೆದದ್ದು ಕಡಲಹಸಿರಿನ ಬೆರಿಲ್ ಅನ್ನು.

ಆ ಹರಳು ದೊರೆಯುತ್ತಿದ್ದ ಸ್ಥಳಗಳಲ್ಲಿ ಒಂದು, ತಮಿಳುನಾಡಿನ ಕಾಂಗೇಯಂ ಬಳಿಯ ಪಡಿಯೂರು. ಭೂಗರ್ಭದ ಶಿಲಾರಸ ತಣ್ಣಗಾಗುತ್ತ ಬಂದಂತೆ ಕೊನೆಗೆ ಉಳಿಯುವ ರಸದಲ್ಲಿ ನೀರಿನಂಶವೂ ಬೆರಿಲಿಯಂನಂಥ ವಿರಳ ಧಾತುಗಳೂ ಹೆಚ್ಚು. ಅದು ಬಂಡೆಯ ಬಿರುಕುಗಳಿಗೆ ನುಗ್ಗಿ ಹೆಪ್ಪುಗಟ್ಟಿದರೆ ಪೆಗ್ಮಟೈಟ್ ಶಿಲೆಯಾಗುತ್ತದೆ. ಅದರಲ್ಲಿ ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಅಭ್ರಕಗಳ ನಡುವೆ ಆರು ಮುಖದ ಬೆರಿಲ್ ಹರಳು ಬೆಳೆಯುತ್ತದೆ.

ಅಲ್ಲಿ ಅಗೆದವರು ಶಾಸನ ಬರೆಸಲಿಲ್ಲ. ಹಾಗಾದರೆ ನಮಗೆ ತಿಳಿಯುವುದು ಹೇಗೆ? ನೊಯ್ಯಲ್ ನದಿಯ ದಡದ ಕೊಡುಮನಲ್‌ನಲ್ಲಿ 1985ರಿಂದ ನಡೆದ ಉತ್ಖನನಗಳಲ್ಲಿ ಹರಳು ಕೊರೆದು ಮಣಿ ಮಾಡುತ್ತಿದ್ದ ಕುರುಹುಗಳು ಸಿಕ್ಕಿವೆ. ಕೊಯಮತ್ತೂರು ಸೀಮೆಯಲ್ಲಿ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ನಾಣ್ಯಗಳ ನಿಧಿಗಳು ದೊರೆತಿವೆ. ಕ್ರಿ.ಶ. 79ರಲ್ಲಿ ತೀರಿಕೊಂಡ ರೋಮಿನ ಪ್ಲಿನಿ, ಬೆರಿಲ್ ಭಾರತದ್ದು, ಬೇರೆಡೆ ಅಪರೂಪ ಎಂದು ಬರೆದ. ಭಾರತವು ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಸೆಳೆದುಕೊಳ್ಳುತ್ತಿದೆ ಎಂದು ಗೊಣಗಿದ. ಸ್ಫಟಿಕಕ್ಕೆ ಬಣ್ಣ ಕಟ್ಟಿ ನಕಲಿ ಬೆರಿಲ್ ಮಾಡುವ ನಮ್ಮವರ ಜಾಣತನವನ್ನೂ ಆತ ಬಿಡಲಿಲ್ಲ! ಬೆರಿಲ್ ಮತ್ತು ಪಚ್ಚೆ ಒಂದೇ ಜಾತಿಯವೆಂದು ಹಲವರು ಭಾವಿಸುತ್ತಾರೆ ಎಂದೂ ಹೇಳಿದ. 1798ರಲ್ಲಿ ಫ್ರಾನ್ಸಿನ ವೋಕ್ಲೆಂ ಎರಡರಲ್ಲೂ ಒಂದೇ ಹೊಸ ಧಾತುವನ್ನು ಕಂಡುಹಿಡಿದಾಗ ಆ ಮಾತು ನಿಜವಾಯಿತು.

ಎರಡನೆಯ ಶತಮಾನದ ಟಾಲೆಮಿಯಂತೂ ‘ಬೆರಿಲ್ ಇರುವ ಪೌನ್ನಾಟ’ ಎಂದು ಗುರುತು ಹಾಕಿದ. ಅದು ಕಪಿಲಾ ತೀರದ ಕಿತ್ತೂರನ್ನು ರಾಜಧಾನಿಯಾಗಿಸಿಕೊಂಡಿದ್ದ, ಇಂದಿನ ಹೆಗ್ಗಡದೇವನಕೋಟೆ ಸೀಮೆಯ ಪುನ್ನಾಟವೇ ಎಂಬುದು ವಿದ್ವಾಂಸರ ಅಭಿಪ್ರಾಯ.

ನೋಡಿ, ಕೊಂಡವರ ಗೊಣಗಾಟ ಗ್ರಂಥದಲ್ಲಿ ಉಳಿಯಿತು. ಅಗೆದವರ ಒಂದು ಹೆಸರೂ ಉಳಿಯಲಿಲ್ಲ. ಅವರನ್ನು ನಾವು ಕಾಣಬೇಕಾದುದು ಮುರಿದ ಮಣಿಯಲ್ಲಿ, ಹೂತ ನಾಣ್ಯದಲ್ಲಿ, ದೂರದೇಶಕ್ಕೆ ಹೋಗಿ ನೆಲೆಸಿದ ಒಂದು ಮಾತಿನಲ್ಲಿ. ಇತಿಹಾಸ ಓದುವಾಗ ಇವನ್ನೂ ಓದಲು ಕಲಿಯಿರಿ.