ಗೇರು ಮತ್ತು ಅಂತರಗಂಗೆ: ಕರಾವಳಿಯ ಆಗಂತುಕ ಸಸ್ಯಗಳ ನಾಮಚರಿತ್ರೆ

ಮಂಗಳೂರಿನ ಕದ್ರಿಯ ಹೆಸರು ಕದಲೀ ಶಬ್ದದಿಂದ ಬಂದಿತೆಂದು ಹೇಳುವುದು ವಾಡಿಕೆ. ಸ್ಥಳಪುರಾಣವೂ ಬಾಳೆಯ ವನವನ್ನೇ ಸ್ಮರಿಸುವುದು. ಆದರೆ ಅಲ್ಲಿಯ ಮಂಜುನಾಥ ದೇವಾಲಯದ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿರುವ ಸಂಸ್ಕೃತ ಶಾಸನವು ಆ ಸ್ಥಳದ ವಿಹಾರವನ್ನು ಕದಿರಿಕಾ ಎಂದು ಕರೆದಿದೆ. ಆಳುಪ ರಾಜನಾದ ಕುಂದವರ್ಮನ ಈ ಶಾಸನದ ಕಾಲವು ಕಲಿವರ್ಷ 4068, ಅಂದರೆ ಕ್ರಿ. ಶ. 968. ಕದಲಿಯೇ ಮೂಲವೋ ಅಲ್ಲವೋ ಎಂಬ ವಾದವು ಪ್ರಕೃತವಲ್ಲ. ಇಂದಿನ ಕಿವಿಗೆ ಹಿತವಾಗಿ ತೋರುವ ಅರ್ಥಕ್ಕಿಂತಲೂ ಕಾಲನಿಶ್ಚಯವುಳ್ಳ ಬರಹವೇ ಬಲವತ್ತರವಾದ ಪ್ರಮಾಣವೆಂಬ ನ್ಯಾಯವಷ್ಟೇ ಇಲ್ಲಿ ಗ್ರಾಹ್ಯವು. ಕರಾವಳಿಯ ಗಿಡಮರಗಳ ಹೆಸರುಗಳಿಗೂ ಇದೇ ನ್ಯಾಯವನ್ನು ಅನ್ವಯಿಸಬೇಕಾಗಿದೆ. ಏಕೆಂದರೆ ಪರದೇಶದಿಂದ ಬಂದ ಸಸ್ಯಗಳಲ್ಲಿ ಕೆಲವು ನಮ್ಮ ಹಳೆಯ ಸಸ್ಯಗಳ ಹೆಸರನ್ನೇ ಧರಿಸಿ, ತಾವು ಬಂದ ಜಾಡನ್ನು ಅಳಿಸಿಬಿಟ್ಟಿವೆ.

ಮೊದಲು ಗೇರನ್ನು ನೋಡೋಣ. ಈಗ ದಕ್ಷಿಣಕನ್ನಡದಲ್ಲಿ ಗೇರೆಂದರೆ ಗೋಡಂಬಿಯ ಮರ. ಇದರ ತವರು ಬ್ರೆಜಿಲ್ ದೇಶ. 16ನೆಯ ಶತಮಾನದಲ್ಲಿ ಪೋರ್ತುಗೀಸರು ಇದನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಮಂಗಳೂರಿನಲ್ಲಿ ಅವರ ಕೋಟೆಯಾದುದು 1568ರಲ್ಲಿ. ಅದಕ್ಕೂ ಹಿಂದೆ ಗೇರೆಂಬುದು ಅಗಸರು ಬಟ್ಟೆಗೆ ಗುರುತು ಹಾಕುವ ಕಾಯಿಯ ಮರಕ್ಕೆ, ಎಂದರೆ ಭಲ್ಲಾತಕಕ್ಕೆ, ಸಂದ ಹೆಸರು. ಅಮರಕೋಶವು ಅದನ್ನು ಅರುಷ್ಕರ, ಅಗ್ನಿಮುಖೀ ಎಂದೂ ಕರೆಯುವುದು. ಅದರ ರಸವು ಮೈಗೆ ತಾಗಿದರೆ ಹುಣ್ಣಾಗುವುದರಿಂದ ಈ ನಾಮಗಳು ಅನ್ವರ್ಥವಾಗಿವೆ. ಹೊಸ ಮರದ ಬೀಜದ ಸಿಪ್ಪೆಯಲ್ಲಿಯೂ ಚರ್ಮವನ್ನು ಸುಡುವ ಎಣ್ಣೆಯುಂಟು. ಎರಡರಲ್ಲಿಯೂ ಬೀಜವು ರಸಭರಿತವಾದ ತೊಟ್ಟಿನ ತುದಿಯಲ್ಲಿ ಕುಳಿತಿರುವುದು. ಈ ಸಾದೃಶ್ಯದಿಂದಲೇ ಹೆಸರು ಸಂಕ್ರಮಿಸಿತೆಂದು ಊಹಿಸಬಹುದು. ಪರಿಣಾಮವೇನೆಂದರೆ, ಆಗಂತುಕವು ಬರಿಯ ಗೇರಾಯಿತು. ಮನೆಯ ಮರಕ್ಕೆ ಕರಿಗೇರು, ಗುಡ್ಡೆಗೇರು ಎಂಬ ವಿಶೇಷಣಗಳು ಬೇಕಾದುವು. ಯುರೋಪಿನಲ್ಲಿಯೂ ಹೀಗೆಯೇ ನಡೆಯಿತು. ಹಿಂದೆ ವೈದ್ಯರು ಭಲ್ಲಾತಕಕ್ಕೆ ಹೇಳುತ್ತಿದ್ದ ಅನಕಾರ್ಡಿಯಮ್ ಎಂಬ ಹೆಸರನ್ನು 1753ರಲ್ಲಿ ಲಿನ್ನೇಯಸನು ಗೋಡಂಬಿಗೆ ಇಟ್ಟನು. ಮಲಯಾಳದ ಪರಂಗಿಮಾವು, ಕಪ್ಪಲ್‌ಮಾವು ಎಂಬ ಪದಗಳಾದರೋ ಪರಂಗಿಯವರನ್ನೂ ಹಡಗನ್ನೂ ಇಂದಿಗೂ ನೆನಪಿನಲ್ಲಿಟ್ಟಿವೆ.

ಎರಡನೆಯದು ಅಂತರಗಂಗೆ. ನೆಲದ ಆಸರೆಯಿಲ್ಲದೆ ತೇಲುವ, ಎಲೆಕೋಸಿನಂತೆ ಎಲೆಗಳನ್ನು ಹರಡುವ ಜಲಸಸ್ಯದ ಹೆಸರಿದು. ಅಮರಕೋಶದ ವಾರಿಪರ್ಣೀ, ಕುಂಭಿಕಾ ಎಂಬ ಪದಗಳನ್ನು ವೈದ್ಯರು ಈ ಸಸ್ಯಕ್ಕೇ ಅನ್ವಯಿಸುವರು. 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಪ್ರಕಟವಾದ ಹೋರ್ತುಸ್ ಮಲಬಾರಿಕುಸ್ ಗ್ರಂಥದಲ್ಲಿ ಇದರ ಚಿತ್ರವು ಕೊಡ್ಡಪಾಯಿಲ್ ಎಂಬ ಹೆಸರಿನಿಂದ ಉಂಟು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡನ ಈ ಗ್ರಂಥಕ್ಕೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಕೊಂಕಣಿ ವೈದ್ಯರು ಸಹಾಯಕರಾಗಿದ್ದರು. ಆದರೆ ಇಂದು ವೃತ್ತಪತ್ರಿಕೆಗಳಲ್ಲಿ ಅಂತರಗಂಗೆಯೆಂದು ಬರೆಯುವುದು ಬಹುಮಟ್ಟಿಗೆ ನೀಲಿ ಹೂವಿನ, ಉಬ್ಬಿದ ತೊಟ್ಟಿನ ಬೇರೊಂದು ಗಿಡವನ್ನು. ಅದು ದಕ್ಷಿಣ ಅಮೆರಿಕದಿಂದ 19ನೆಯ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ಬಂದು, 1936ರ ಹೊತ್ತಿಗೆ ಅಲ್ಲಿ ಅದರ ನಿವಾರಣೆಗೆಂದೇ ಒಂದು ಕಾನೂನು ಬೇಕಾಯಿತು. ಹಿಂದಿಯ ಜಲಕುಂಭಿಯ ಗತಿಯೂ ಇದೇ. ಮಲಯಾಳದವರು ಇದಕ್ಕೆ ಕುಳವಾಳ, ಎಂದರೆ ಕೊಳದ ಬಾಳೆ, ಎಂಬ ಹೊಸ ಹೆಸರಿಟ್ಟರು.

ಇದು ಶಬ್ದವಿಚಾರವಷ್ಟೇ ಅಲ್ಲವೆಂಬುದಕ್ಕೆ ಬೆಂಗಳೂರಿನಲ್ಲಿ ನಡೆದ ಕಾರ್ಯವೇ ಸಾಕ್ಷಿ. ನೀಲಿ ಹೂವಿನ ಕಳೆಯನ್ನು ತಿನ್ನುವ ನಿಯೋಕೆಟಿನಾ ಎಂಬ ಮೂತಿಹುಳುವನ್ನು 1982ರಲ್ಲಿ ಅಲ್ಲಿಗೆ ತರಿಸಿ, ಪರೀಕ್ಷಿಸಿ, ಬಳಿಕ ಕೆರೆಗಳಲ್ಲಿ ಬಿಟ್ಟು ಫಲವನ್ನು ಕಂಡರು. ಸಾಲ್ವೀನಿಯಾ ಎಂಬ ಇನ್ನೊಂದು ತೇಲುಕಳೆಗೆ ಬೇರೆಯೇ ಹುಳು ಬೇಕಾಯಿತು. ಅದು ಬೆಂಗಳೂರಿನ ತಾವರೆಗೊಳವೊಂದನ್ನು ಶುಚಿಮಾಡಿ, ಅನಂತರ ಕೇರಳಕ್ಕೂ ಹೋಯಿತು. ಈ ಕಳೆಯನ್ನು ಅಲ್ಲಿಯವರು ಆಫ್ರಿಕನ್ ಪಾಯಲ್ ಎನ್ನುವರು. ಅದರ ತವರಾದರೋ ಬ್ರೆಜಿಲ್! ಹುಳುವು ಹೆಸರನ್ನು ನೋಡದು, ಗಿಡವನ್ನು ನೋಡುವುದು. ಅಂತರಗಂಗೆಗೆ ಔಷಧವೆಂದು ಒಂದರ ಹುಳುವನ್ನು ಇನ್ನೊಂದರ ಮೇಲೆ ಬಿಟ್ಟರೆ ಶ್ರಮವು ವ್ಯರ್ಥವಾಗುವುದು.

ಹೆಸರಿಲ್ಲದಿರುವುದರಿಂದಲೂ ಹಾನಿಯುಂಟು. ಕೋಶದ ಜಲನೀಲೀ, ಶೈವಾಲಗಳಿಗೆ ಪಾಚಿಯೆಂದು ಅರ್ಥ ಹೇಳುವೆವು. ನೀರಿನೊಳಗಿನ ಹಸುರೆಲ್ಲವನ್ನೂ ಅದರಲ್ಲಿಯೇ ಅಡಗಿಸುವೆವು. ಆದರೆ ಅಳಿವೆಯ ಕೆಸರಿನಲ್ಲಿ ಬೇರೂರಿ, ನೀರೊಳಗೇ ಹೂಬಿಡುವ ಕಡಲಹುಲ್ಲು ಪಾಚಿಯಲ್ಲ. ಅದು ಮೀನಿನ ಮರಿಗಳಿಗೆ ತೊಟ್ಟಿಲು, ಹಸುರು ಕಡಲಾಮೆಗೆ ಆಹಾರ. ಕೇರಳದ ಕಡಲುಂಡಿಯ ಅಳಿವೆಯಲ್ಲಿ ಹ್ಯಾಲೊಫಿಲಾ ಬೆಕ್ಕಾರಿಯೈ ಎಂಬ ವಿರಳಜಾತಿಯು ಈಗಲೂ ಉಂಟು. ಕಡಲಹುಲ್ಲನ್ನೇ ಮೇಯುವ ಕಡಲಹಸುವಿಗಾಗಿ ತಮಿಳುನಾಡು ಸರಕಾರವು 2022ರಲ್ಲಿ ಪಾಕ್ ಕೊಲ್ಲಿಯಲ್ಲಿ ರಕ್ಷಿತಪ್ರದೇಶವನ್ನು ಘೋಷಿಸಿತು. ಈ ಹುಲ್ಲು ಬಾಳಲು ಬೆಳಕು ಬೇಕು. ಮೇಲೆ ತೇಲುವ ಕಳೆಯ ಹಾಸು ಆ ಬೆಳಕನ್ನೇ ತಡೆಯುವುದು. ಆದುದರಿಂದ ನೀರಿನ ಸಸ್ಯಗಳಲ್ಲಿ ಕೀಳತಕ್ಕದ್ದು ಯಾವುದು, ಉಳಿಸತಕ್ಕದ್ದು ಯಾವುದು ಎಂಬ ವಿವೇಕಕ್ಕೆ ಪದವಿವೇಕವೇ ಮೊದಲ ಮೆಟ್ಟಲು.

ಗ್ರಂಥಸಂಪಾದಕರೂ ಉಪಾಧ್ಯಾಯರೂ ಎರಡು ಎಲ್ಲೆಗಳನ್ನು ನೆನಪಿನಲ್ಲಿಡುವುದು ಯುಕ್ತ. 16ನೆಯ ಶತಮಾನಕ್ಕಿಂತ ಹಿಂದಿನ ಕನ್ನಡ ಗ್ರಂಥದಲ್ಲಿ ಗೇರು ಬಂದರೆ ಅದು ಗೋಡಂಬಿಯಲ್ಲ, ಭಲ್ಲಾತಕವೇ. 19ನೆಯ ಶತಮಾನದ ಅಂತ್ಯಕ್ಕಿಂತ ಹಿಂದಿನ ಅಂತರಗಂಗೆಯು ನೀಲಿ ಹೂವಿನ ಕಳೆಯಾಗಿರಲಾರದು. ಮುಂದೆ ಅಚ್ಚಾಗುವ ನಿಘಂಟುಗಳು ಈ ಎರಡು ಪದಗಳಿಗೂ ಹಳೆಯ ಅರ್ಥ, ಹೊಸ ಅರ್ಥಗಳನ್ನು ಕಾಲಸಹಿತವಾಗಿ ಬೇರೆಬೇರೆಯಾಗಿ ಕೊಡಬೇಕು. ಕಡಲಹುಲ್ಲಿಗೂ ಒಂದು ನಮೂದು ಸಲ್ಲಬೇಕು.