ಕಿರೀಟಧಾರಿ ರೋಗಿ

1799ರಲ್ಲಿ ಶ್ರೀರಂಗಪಟ್ಟಣವನ್ನು ಕೆಡವಿದ ಸೇನೆ ಯಾವ ದೊರೆಯ ಕಾಲದಲ್ಲಿ ದಂಡೆತ್ತಿ ಬಂದಿತೋ, ಬ್ರಿಟನ್ನಿನ ಆ ಮೂರನೆಯ ಜಾರ್ಜನನ್ನು ನಾವು ವೈರಿಪಕ್ಷದವನೆಂದೇ ಬಲ್ಲೆವು. ಆದರೂ ಅವನ ಸುದೀರ್ಘ ರಾಜ್ಯಭಾರದಲ್ಲಿ ಹೊರಬಿದ್ದ ಒಂದು ತೀರ್ಪಿಗೆ ನಾವೂ ವಾರಸುದಾರರು. 1767ರಲ್ಲಿ ಸ್ಲೇಟರ್ ಎಂಬ ಪ್ರಜೆಯೊಬ್ಬ ಬೇಕರ್ ಎಂಬ ಶಸ್ತ್ರವೈದ್ಯನ ಮೇಲೆ ದಾವೆ ಹೂಡಿದ. ಕೂಡಿಕೊಳ್ಳುತ್ತಿದ್ದ ಅವನ ಕಾಲಿನ ಮೂಳೆಯನ್ನು ವೈದ್ಯ ಒಪ್ಪಿಗೆ ಕೇಳದೆ ಪುನಃ ಮುರಿದು, ಹಲ್ಲುಗಳಿದ್ದ ಉಕ್ಕಿನ ಸಾಧನವೊಂದನ್ನು ತೊಡಿಸಿದ್ದ. ರೋಗಿಯ ಸಮ್ಮತಿ ಪಡೆಯುವುದು ಶಸ್ತ್ರವೈದ್ಯರದೇ ಸಂಪ್ರದಾಯ, ಮುಂದೆ ನಡೆಯಲಿರುವುದನ್ನು ಅರಿತರೆ ತಾನೇ ಆತ ಧೈರ್ಯ ತಂದುಕೊಂಡು ಅಣಿಯಾದಾನು ಎಂದು ನ್ಯಾಯಪೀಠ ವಿವೇಚಿಸಿತು; 500 ಪೌಂಡುಗಳ ಪರಿಹಾರವನ್ನು ಎತ್ತಿಹಿಡಿಯಿತು.

ಪ್ರಜೆಗೆ ದೊರೆತ ಈ ರಕ್ಷೆ ಪ್ರಭುವಿಗೆ ದೊರೆಯಲಿಲ್ಲ. ವಿಧಿಯ ವಕ್ರತೆಯೆಂದರೆ ಇದೇ. ಅಮೆರಿಕದ ವಸಾಹತುಗಳು ಕೈಜಾರಿ ಐದು ವರ್ಷ ಕಳೆದಿದ್ದ 1788ರ ಶರತ್ಕಾಲದಲ್ಲಿ ಜಾರ್ಜನ ಚಿತ್ತ ಕದಡಿತು. ಗಂಟೆಗಟ್ಟಲೆ ಎಡೆಬಿಡದ ಮಾತು, ನಿದ್ರೆಯಿಲ್ಲದ ಇರುಳು. ರಾಜನು ಅಸಮರ್ಥನೆಂದಾದರೆ ಯುವರಾಜನು ರಾಜಪ್ರತಿನಿಧಿಯಾಗುವನು. ಆಗ ಪ್ರಧಾನಿ ಪಿಟ್ಟನ ಮಂತ್ರಿಮಂಡಲ ಉರುಳಿ ವಿರೋಧಪಕ್ಷದ ನಾಯಕ ಫಾಕ್ಸನ ಪಕ್ಷ ಗದ್ದುಗೆಯೇರುವುದು. ಹೀಗೆ ಒಬ್ಬ ರೋಗಿಯ ಬುದ್ಧಿಯ ಅಳತೆ ಸಾಮ್ರಾಜ್ಯದ ರಾಜಕಾರಣವಾಯಿತು. ಸಂಸತ್ತು ವೈದ್ಯರನ್ನು ಕರೆಸಿ ವಿಚಾರಿಸಿತು. ವಿರೋಧಪಕ್ಷಕ್ಕೆ ಆಪ್ತನಾಗಿದ್ದ ವೈದ್ಯ ವಾರನ್ನನಿಗೆ ಆಸೆ ಕಾಣಲಿಲ್ಲ. ಲಿಂಕನ್‌ಷೈರಿನಿಂದ ಬಂದ ಪಾದ್ರಿವೈದ್ಯ ಫ್ರಾನ್ಸಿಸ್ ವಿಲ್ಲಿಸನಿಗೆ ಧಾರಾಳವಾಗಿ ಕಂಡಿತು. ಗುಣವಾಗುವನೇ, ಎಂದು ಗುಣವಾಗುವನು ಎಂದು ಕೇಳಿದವರೇ ಎಲ್ಲರೂ. ಇಂದು, ಈ ಚಿಕಿತ್ಸೆಯ ವಿಷಯದಲ್ಲಿ, ಈತನಿಗೆ ಏನು ಅರ್ಥವಾಗುತ್ತದೆ, ಏನು ಬೇಕಾಗಿದೆ ಎಂಬುದು ಯಾರ ಚಿಂತೆಯೂ ಆಗಿರಲಿಲ್ಲ. ಕ್ಯೂ ಅರಮನೆಯಲ್ಲಿ ಅವನಿಗೆ ಕೈಕಟ್ಟುವ ಅಂಗಿ ತೊಡಿಸಿದರು, ಕಾಲುಗಳಿಗೆ ಬೊಬ್ಬೆಯೇಳಿಸುವ ಲೇಪ ಹಚ್ಚಿದರು, ಕುರ್ಚಿಗೆ ಬಿಗಿದರು. ಆ ಕುರ್ಚಿಯನ್ನು ಜಾರ್ಜ್ ತನ್ನ ಪಟ್ಟಾಭಿಷೇಕದ ಪೀಠವೆಂದು ಕರೆದನಂತೆ. ಇಷ್ಟು ಹರಿತವಾದ ವ್ಯಂಗ್ಯ ಹೊಳೆದ ಗಳಿಗೆಯಲ್ಲಾದರೂ ಅವನನ್ನು ಒಂದು ಮಾತು ಕೇಳಬಹುದಿತ್ತು! ಮನೋರೋಗವಿದ್ದ ಮಾತ್ರಕ್ಕೆ ನಿರ್ಧಾರಶಕ್ತಿ ಇಲ್ಲವೆನ್ನಲಾಗದು, ರೋಗಿಯ ತೀರ್ಮಾನ ಪರರಿಗೆ ತಪ್ಪೆಂದು ತೋರಿದರೂ ಅದೇ ಅಸಾಮರ್ಥ್ಯಕ್ಕೆ ಸಾಕ್ಷಿಯಲ್ಲ ಎಂದು ನಮ್ಮ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳಿದ್ದು 2017ರಲ್ಲಿ.

1789ರ ಫೆಬ್ರವರಿಯಲ್ಲಿ ರಾಜಪ್ರತಿನಿಧಿ ಮಸೂದೆ ಕೆಳಮನೆಯನ್ನು ದಾಟಿ ಮೇಲ್ಮನೆಯಲ್ಲಿದ್ದಾಗಲೇ ದೊರೆ ಚೇತರಿಸಿಕೊಂಡ. ಪಿಟ್ ಉಳಿದ, ಫಾಕ್ಸನ ಆಸೆ ಕಮರಿತು. ಏಪ್ರಿಲ್ 23ರಂದು ಸೇಂಟ್ ಪಾಲ್ಸ್ ಮಹಾದೇವಾಲಯದಲ್ಲಿ ಕೃತಜ್ಞತಾಪೂಜೆ ನಡೆಯಿತು. ಆದರೆ 1810ರಲ್ಲಿ ಮಗಳು ಅಮೀಲಿಯಾ ತೀರಿಕೊಂಡ ವೇಳೆಗೆ ರೋಗ ಮತ್ತೆ ಆವರಿಸಿತ್ತು, ಈ ಸಲ ಬಿಡದಂತೆ. 1811ರ ಕಾಯ್ದೆ ರಾಜ್ಯವನ್ನು ಮಗನಿಗೂ ರಾಜನ ದೇಹದ ಪಾಲನೆಯನ್ನು ರಾಣಿ ಶಾರ್ಲಟ್ಟಳಿಗೂ ಒಪ್ಪಿಸಿತು. 1818ರಲ್ಲಿ ಆ ರಾಣಿಯೂ ಗತಿಸಿದಳು. ಕುರುಡನಾಗಿದ್ದ ಜಾರ್ಜ್ 1820ರ ಜನವರಿ 29ರವರೆಗೆ ವಿಂಡ್ಸರಿನಲ್ಲಿ ಹೆಸರಿಗೆ ಅರಸನಾಗಿಯೇ ಬದುಕಿದ್ದ.